ಹಳೆಯ ಬೈಕಿನ ಎಂಜಿನ್‌ನಲ್ಲಿ ಎರಡು ಬಗೆಯ ಸದ್ದು: ಬಿಚ್ಚುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1998ರಲ್ಲಿ ಕೊಂಡ ಬೈಕನ್ನು ಈಗ ನಾನು ಓಡಿಸುತ್ತಿದ್ದೇನೆ. ಒಂದೇ ಸಿಲಿಂಡರಿನ, ಗಾಳಿಯಿಂದಲೇ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್ ಅದು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸಿಲಿಂಡರಿನ ಮೇಲಿನ ಹೆಡ್‌ನೊಳಗಿದ್ದು ಟೈಮಿಂಗ್ ಚೈನಿನಿಂದ ತಿರುಗುತ್ತದೆ. ವಾಲ್ವಿನ ಸಂದನ್ನು ಹೊಂದಿಸುವ ಟ್ಯಾಪೆಟ್‌ಗಳು ಸ್ಕ್ರೂ ಮತ್ತು ಲಾಕ್‌ನಟ್ ಇರುವ ಹಳೆಯ ಬಗೆಯವು. ಮೀಟರು 68,000 ಕಿ.ಮೀ. ದಾಟಿದೆ. ಸುಮಾರು 40,000 ಕಿ.ಮೀ. ಆದಾಗ ಒಮ್ಮೆ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ) ಪಿಸ್ಟನ್ ಬದಲಾಯಿಸಿದ್ದರು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕನ್ನು ಬಿಚ್ಚಿಸಿದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ.

ಸದ್ದುಗಳು ಎರಡಿವೆ. ಮೊದಲನೆಯದು ಸಣ್ಣಗೆ, ಚುರುಕಾಗಿ ಬರುವ ‘ಟಿಕ್ ಟಿಕ್’. ಬೆಳಿಗ್ಗೆ ಕಿಕ್ ಹೊಡೆದ ಕ್ಷಣದಿಂದಲೇ ಅದು ಕೇಳಿಸುತ್ತದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ, ರೇಸ್ ಕೊಟ್ಟಷ್ಟೂ ಬಿರುಸಾಗುತ್ತದೆ. ಎರಡನೆಯದು ದಪ್ಪನೆಯ ‘ಗಡಗಡ’. ಅದು ಎಂಜಿನ್ ತಣ್ಣಗಿರುವಾಗ ಇರುವುದಿಲ್ಲ. ಅರ್ಧ ಗಂಟೆ ಓಡಿಸಿ, ಎಲ್ಲಾದರೂ ನಿಲ್ಲಿಸಿ, ಗಾಡಿಯನ್ನು ನ್ಯೂಟ್ರಲ್‌ಗೆ ತಂದಾಗ ಬಲಗಾಲಿನ ಕಡೆಯಿಂದ ಶುರುವಾಗುತ್ತದೆ. ಓಡುವಾಗ ಅದು ಇರುತ್ತದೆಯೋ ಇಲ್ಲವೋ ಗಾಳಿಯ ಸದ್ದಿನಲ್ಲಿ ನನಗೆ ಗೊತ್ತಾಗುವುದಿಲ್ಲ.

ಮೊದಲು ತೋರಿಸಿದ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡಿಕೊಟ್ಟರು. ಎರಡು ದಿನ ಕಡಿಮೆಯಾದಂತೆ ಅನಿಸಿ, ಮತ್ತೆ ಮೊದಲಿನಂತೆಯೇ ಆಯಿತು. ಇನ್ನೊಬ್ಬರು ಹತ್ತಿರ ಬಂದು ಒಮ್ಮೆ ರೇಸ್ ಮಾಡಿ ಕೇಳಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಹೋಗಿದೆ, ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು ಎಂದರು. ಬಿಚ್ಚಿಸಲು ನನಗೆ ಭಯವಿಲ್ಲ, ಆದರೆ ಯಾವುದು ಕೆಟ್ಟಿದೆ ಎಂದು ಖಚಿತವಾಗದೆ ಇಷ್ಟು ವರ್ಷ ಹೊಂದಿಕೊಂಡು ಸವೆದ ಭಾಗಗಳನ್ನೆಲ್ಲ ಕಳಚಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಪವರ್ ಕಡಿಮೆಯಾಗಿಲ್ಲ, ಹೊಗೆ ಬರುವುದಿಲ್ಲ, ಮೈಲೇಜಿನಲ್ಲಿಯೂ ವ್ಯತ್ಯಾಸ ಕಂಡಿಲ್ಲ. ಮನೆಯಲ್ಲಿ ಸ್ಪ್ಯಾನರ್ ಸೆಟ್, ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ಮತ್ತು ಕಂಪನಿಯ ಸರ್ವಿಸ್ ಕೈಪಿಡಿ ಇವೆ. ನಾನೇ ಮಾಡಿ ನೋಡಬಹುದಾದ ಪರೀಕ್ಷೆಗಳು ಯಾವುವು, ಅವುಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಮಸ್ಕಾರ. ಎರಡು ಸದ್ದುಗಳನ್ನೂ ಬೇರೆ ಬೇರೆ ಮಾಡಿ, ಯಾವುದು ಯಾವಾಗ ಬರುತ್ತದೆ ಎಂದು ಬರೆದಿದ್ದೀರಿ. ಕೆಲಸದ ದೊಡ್ಡ ಪಾಲು ಅಲ್ಲಿಯೇ ಮುಗಿದಿದೆ. ನನ್ನ ಅನುಭವದಲ್ಲಿ, ಸದ್ದು ಹೇಗೆ ಕೇಳಿಸುತ್ತದೆ ಎಂಬುದನ್ನು ನಂಬಿ ಎಂಜಿನ್ ಬಿಚ್ಚಿದವರು ಮೋಸಹೋಗುವುದೇ ಹೆಚ್ಚು. ಅಲ್ಯೂಮಿನಿಯಂ ಕೇಸ್ ಒಂದು ಮೂಲೆಯ ಸದ್ದನ್ನು ಇನ್ನೊಂದು ಮೂಲೆಗೆ ಸಾಗಿಸುತ್ತದೆ, ಸಿಲಿಂಡರಿನ ರೆಕ್ಕೆಗಳು ಅದನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ, ಮತ್ತು ಒಬ್ಬರ ಕಿವಿಗೆ ‘ಟಕ್’ ಎಂದದ್ದು ಇನ್ನೊಬ್ಬರ ಕಿವಿಗೆ ‘ಡಬ್’ ಎನ್ನುತ್ತದೆ. ಆದ್ದರಿಂದ ಸದ್ದು ಯಾವಾಗ ಬರುತ್ತದೆ, ಏನು ಮಾಡಿದಾಗ ಹೋಗುತ್ತದೆ ಎಂಬುದನ್ನೇ ಹಿಡಿದು ನಡೆಯಿರಿ.

ಮೊದಲು ಆಯಿಲ್. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನೇರವಾಗಿ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲಿಯೇ ಮಟ್ಟ ನೋಡಿ. ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿದು ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆಯಾಗುತ್ತದೆ, ಮತ್ತು ಆ ಒಂದು ತಪ್ಪಿನಿಂದಲೇ ಎಷ್ಟೋ ಗಾಡಿಗಳು ಕಡಿಮೆ ಆಯಿಲಿನಲ್ಲಿ ಓಡುತ್ತಿರುತ್ತವೆ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ: ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಕಾರ್ಬ್ಯುರೇಟರಿನಿಂದ ಸೋರಿದ ಪೆಟ್ರೋಲ್ ಕ್ರ್ಯಾಂಕ್‌ಕೇಸಿಗೆ ಇಳಿದು ಆಯಿಲನ್ನು ತೆಳುವಾಗಿಸಿದೆ ಎಂದು ಅರ್ಥ. ತೆಳುವಾದ ಆಯಿಲಿನಲ್ಲಿ ಎಲ್ಲ ಬೇರಿಂಗ್‌ಗಳೂ ಎಲ್ಲ ಗೇರುಗಳೂ ಮಾತನಾಡಲು ತೊಡಗುತ್ತವೆ. ಹೇಗಿದ್ದರೂ ಒಮ್ಮೆ ಆಯಿಲ್ ಇಳಿಸಿ, ಶುಭ್ರವಾದ ಬಿಳಿ ಟ್ರೇಯಲ್ಲಿ ಹಿಡಿದು, ಬಿಸಿಲಿನಲ್ಲಿ ನೋಡಿ. ಅದರೊಳಗೆ ಆಯಸ್ಕಾಂತವನ್ನು ಆಡಿಸಿದಾಗ ಅಂಟಿಕೊಳ್ಳುವುದು ಉಕ್ಕು. ಅಂಟದೆ ಬೆಳ್ಳಗೆ ಮಿನುಗುವುದು ಸಾಮಾನ್ಯವಾಗಿ ಪಿಸ್ಟನ್, ಹೆಡ್ ಅಥವಾ ಕೇಸಿನ ಅಲ್ಯೂಮಿನಿಯಂ. ಹಳದಿಯಾಗಿ ಹೊಳೆಯುವುದು ಯಾವುದಾದರೂ ಕಂಚಿನ ಬುಷ್‌ನಿಂದ ಬಂದದ್ದು. ಆಯಸ್ಕಾಂತದ ಮೇಲೆ ಕಾಡಿಗೆಯಂತಹ ನುಣುಪಾದ ಬೂದು ಲೇಪ ಸಹಜ. ಬೆರಳಿಗೆ ಚುಚ್ಚುವ ಚೂರು, ಸಿಬಿರು ಸಿಕ್ಕರೆ ಅದು ಸಹಜವಲ್ಲ.

ಎರಡನೆಯದಾಗಿ ಎಂಜಿನ್ನಿನ ಹೊರಗಿನ ವಸ್ತುಗಳು. ಎಂಜಿನ್ ಮೌಂಟಿಂಗ್ ಬೋಲ್ಟ್, ಸೈಲೆನ್ಸರಿನ ಬ್ರ್ಯಾಕೆಟ್, ಶಾಖ ತಡೆಯುವ ತಗಡು, ಚೈನ್ ಕವರ್, ಹಾರ್ನ್ ಇವನ್ನೆಲ್ಲ ದಪ್ಪ ಕೈಗವಸು ಹಾಕಿಕೊಂಡು ಒಂದೊಂದಾಗಿ ಒತ್ತಿ ಹಿಡಿದು ನೋಡಿ. ಸಿಲಿಂಡರಿನ ರೆಕ್ಕೆಗಳ ನಡುವೆ ಪುಟ್ಟ ರಬ್ಬರ್ ತುಂಡುಗಳಿರುವ ಎಂಜಿನ್‌ಗಳಿವೆ. ರೆಕ್ಕೆಗಳು ಝೇಂಕರಿಸದಿರಲೆಂದು ಅವನ್ನು ಇಟ್ಟಿರುತ್ತಾರೆ. ಬೋರ್ ಮಾಡಿಸುವಾಗ ಅವು ಉದುರಿಹೋಗಿ ಮತ್ತೆ ಹಾಕದೆ ಬಿಟ್ಟಿದ್ದರೆ, ಒಳಗೆ ಎಲ್ಲವೂ ಸರಿಯಿದ್ದರೂ ಎಂಜಿನ್ ಮೊದಲಿಗಿಂತ ಒರಟಾಗಿ ಕೇಳಿಸುತ್ತದೆ.

ಮೂರನೆಯದು ಲಯ, ಇದಕ್ಕೆ ಸ್ವಲ್ಪ ಸಮಯ ಕೊಡಿ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ, ಸೈಲೆನ್ಸರಿನಿಂದ ಹೊಗೆಯ ಬಡಿತವೂ ಒಂದೇ ಸಲ ಹೊರಬರುತ್ತದೆ. ಐಡ್ಲಿಂಗ್ (ರೇಸ್ ಕೊಡದೆ ಎಂಜಿನ್ ತಿರುಗುವ ವೇಗ) ನಿಮಿಷಕ್ಕೆ 1,200 ಸುತ್ತು ಎಂದಿಟ್ಟುಕೊಂಡರೆ ಕ್ರ್ಯಾಂಕ್ ಸೆಕೆಂಡಿಗೆ 20 ಸಲ, ಕ್ಯಾಮ್ 10 ಸಲ ತಿರುಗುತ್ತದೆ. ಇದನ್ನು ಎಣಿಸಲು ಆಗುವುದಿಲ್ಲ, ಆದರೆ ಹೋಲಿಸಲು ಆಗುತ್ತದೆ. ಸೈಲೆನ್ಸರಿನ ಬಾಯಿಯಿಂದ ಒಂದು ಗೇಣು ಹಿಂದೆ ಅಂಗೈ ಹಿಡಿದು, ಬಡಿತವನ್ನು ಅಂಗೈಯಲ್ಲಿಯೂ ಸದ್ದನ್ನು ಕಿವಿಯಲ್ಲಿಯೂ ಒಟ್ಟಿಗೆ ಗಮನಿಸಿ. ಪ್ರತಿ ಬಡಿತಕ್ಕೆ ಒಂದು ಟಿಕ್ ಬಂದರೆ ಅದು ವಾಲ್ವು, ಅದನ್ನು ಒತ್ತುವ ರಾಕರ್, ಕ್ಯಾಮ್‌ಗಳ ಕಡೆಯದು, ಇಲ್ಲವೇ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವ ಗಳಿಗೆಗೆ ಕಟ್ಟುಬಿದ್ದದ್ದು. ಬಡಿತಕ್ಕೆ ಎರಡು ಸಲ ಸಮ ಅಂತರದಲ್ಲಿ ಬಂದರೆ ಕ್ರ್ಯಾಂಕಿನ ವೇಗದ್ದು. ಎರಡೂ ಟ್ಯಾಪೆಟ್ ಸಡಿಲವಾಗಿದ್ದರೆ ಬಡಿತಕ್ಕೆ ಎರಡು ಟಿಕ್ ಬರುತ್ತವೆ ನಿಜ, ಆದರೆ ಅವುಗಳ ನಡುವಿನ ಅಂತರ ಸಮನಾಗಿರುವುದಿಲ್ಲ. ಕುಂಟುವವರ ನಡಿಗೆಯಂತೆ ಕೇಳಿಸುತ್ತದೆ. ಈ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳಿ. ಸ್ಟೆಥಾಸ್ಕೋಪ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ತಿರುಗುವ ಯಾವ ಭಾಗಕ್ಕೂ ಅದು ತಾಗದಂತೆ ಎಚ್ಚರವಿರಲಿ. ಟ್ಯಾಪೆಟ್ ಕವರುಗಳ ಮೇಲೆ, ಟೈಮಿಂಗ್ ಚೈನ್ ಹಾದುಹೋಗುವ ಸುರಂಗದ ಮೇಲೆ, ಸಿಲಿಂಡರಿನ ಬುಡದಲ್ಲಿ, ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗುತ್ತಾ ವಿದ್ಯುತ್ ಹುಟ್ಟಿಸುವ ಚಕ್ರ) ಕವರಿನಲ್ಲಿ, ಕ್ಲಚ್ ಕವರಿನಲ್ಲಿ, ಹೀಗೆ ಒಂದೊಂದು ಕಡೆಯೂ ನಿಧಾನವಾಗಿ ಕೇಳಿ. ಸದ್ದು ಎಲ್ಲಿ ದೊಡ್ಡದು ಎಂಬುದಕ್ಕಿಂತ ಎಲ್ಲಿ ಅಂಚು ಹರಿತವಾಗಿ, ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಟೈಮಿಂಗ್ ಚೈನ್ ಸಡಿಲವಾಗಿದ್ದರೆ, ರೇಸ್ ಕೊಟ್ಟು ಥಟ್ಟನೆ ಬಿಟ್ಟಾಗ, ವೇಗ ಇಳಿಯುವ ಹೊತ್ತಿನಲ್ಲಿ ಆ ಸುರಂಗದ ಒಳಗೋಡೆಗೆ ಚೈನ್ ಬಡಿಯುವುದು ಕೇಳಿಸುತ್ತದೆ. ಚೈನನ್ನು ತಾನೇ ಬಿಗಿಯಾಗಿಡುವ ಆಟೊಮ್ಯಾಟಿಕ್ ಟೆನ್ಷನರ್ ಇದ್ದರೆ ಅದನ್ನು ಹೊರತೆಗೆದಿರುವಾಗ ಯಾವ ಕಾರಣಕ್ಕೂ ಎಂಜಿನ್ ತಿರುಗಿಸಬೇಡಿ, ಚೈನ್ ಹಲ್ಲು ಜಿಗಿದರೆ ವಾಲ್ವ್ ಬಾಗುವ ಸಂಭವವಿದೆ.

ನಿಮ್ಮ ‘ಗಡಗಡ’ದ ವಿಷಯದಲ್ಲಿ ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ ಒಂದಿದೆ. ಅದು ಬರುತ್ತಿರುವಾಗ, ನ್ಯೂಟ್ರಲ್‌ನಲ್ಲಿಯೇ, ಕ್ಲಚ್ ಲಿವರನ್ನು ಪೂರ್ತಿ ಒತ್ತಿ ಹಿಡಿಯಿರಿ. ಸದ್ದು ತಟ್ಟನೆ ನಿಂತರೆ ಅಥವಾ ಬಹಳ ಬದಲಾದರೆ, ಅದು ಕ್ಲಚ್ ಹೌಸಿಂಗ್ ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕಡೆಯದು. ಕನೆಕ್ಟಿಂಗ್ ರಾಡಿಗೂ ಅದಕ್ಕೂ ಸಂಬಂಧವಿಲ್ಲ. ಕ್ಲಚ್ ಒತ್ತಿದರೂ ಬಿಟ್ಟರೂ ಕ್ರ್ಯಾಂಕ್ ಮಾತ್ರ ಒಂದೇ ರೀತಿ ತಿರುಗುತ್ತಿರುತ್ತದೆ ಅಲ್ಲವೇ? ಇದನ್ನೂ ಐಡ್ಲಿಂಗ್ ಸ್ವಲ್ಪ ಏರಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿ ಬರೆಯಿರಿ.

ಟ್ಯಾಪೆಟ್ ವಿಷಯಕ್ಕೆ ನಾನು ಬೇಕೆಂದೇ ಕೈ ಹಾಕಿಲ್ಲ. ಸದ್ದು ಅಡಗಲಿ ಎಂದು ಟ್ಯಾಪೆಟನ್ನು ಅಳತೆಗಿಂತ ಬಿಗಿ ಮಾಡಿಸಿಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ. ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಹೆಚ್ಚಿನ ಪಾಲನ್ನು ಸೀಟಿನ ಮೇಲೆ ಕುಳಿತಿರುವ ಹೊತ್ತಿನಲ್ಲಿ ಹೆಡ್ಡಿಗೆ ದಾಟಿಸುತ್ತದೆ. ಸೀಟಿನ ಮೇಲೆ ಪೂರ್ತಿ ಕೂರಲು ಬಿಡದಿದ್ದರೆ ಅದು ಸದ್ದಿಲ್ಲದೆ ಸುಟ್ಟುಹೋಗುತ್ತದೆ.

ಉತ್ತರ 2

ಮೇಲಿನವರು ಹೇಳಿದ ಕ್ರಮಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೂ ಕನೆಕ್ಟಿಂಗ್ ರಾಡಿನ ಮಾತು ಬಂದಿರುವುದರಿಂದ, ಅದು ಅಲ್ಲ ಎಂದು ಖಚಿತವಾಗುವವರೆಗೆ ದೂರ ಪ್ರಯಾಣ ಬೇಡ ಎಂದು ಕೇಳಿಕೊಳ್ಳುತ್ತೇನೆ. ರಾಡು ಕ್ರ್ಯಾಂಕಿಗೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗ್ ಓಡುವಾಗ ಮುರಿದು ಸಿಕ್ಕಿಕೊಂಡರೆ ಹಿಂದಿನ ಚಕ್ರ ಹಠಾತ್ತಾಗಿ ನಿಲ್ಲಬಹುದು.

ಬಿಗ್ ಎಂಡ್ ಸದ್ದಿಗೆ ಅದರದೇ ನಡವಳಿಕೆ ಇದೆ. ಅದು ಆಳದಿಂದ ಬರುವ ‘ಡಬ್ ಡಬ್’. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಹೆಚ್ಚುತ್ತದೆ, ಮತ್ತು ಮಧ್ಯಮ ವೇಗದಲ್ಲಿ ಹೋಗುತ್ತಾ ಎಕ್ಸಿಲರೇಟರನ್ನು ಎಳೆತಕ್ಕೂ ಬಿಡುವಿಕೆಗೂ ನಡುವಿನ ಒಂದು ಹಂತದಲ್ಲಿ ಹಿಡಿದಾಗ ಅತ್ಯಂತ ಸ್ಪಷ್ಟವಾಗುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ರಾಡು ಬೇರಿಂಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಳುತ್ತಿರುತ್ತದೆ. ನೀವು ಹೇಳುವ ಸದ್ದು ನಿಂತಾಗ, ಭಾರವಿಲ್ಲದಾಗ ಮಾತ್ರ ಕೇಳುತ್ತದೆ ಎಂಬುದು ಸಮಾಧಾನದ ಸಂಗತಿ. ಓಡುವಾಗ ಇದೆಯೇ ಇಲ್ಲವೇ ಎಂದು ತಿಳಿಯಲು ಖಾಲಿ ರಸ್ತೆಯಲ್ಲಿ ಎತ್ತರದ ಗೋಡೆಯ ಪಕ್ಕ ನಿಧಾನವಾಗಿ ಹೋಗಿ ನೋಡಿ. ಗೋಡೆಗೆ ಬಡಿದ ಸದ್ದು ಕಿವಿಗೆ ಹಿಂದಿರುಗುತ್ತದೆ.

ಹೆಡ್ ಬಿಚ್ಚದೆಯೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಸ್ಪಾರ್ಕ್ ಪ್ಲಗ್ ತೆಗೆದು, ಮ್ಯಾಗ್ನೆಟ್ ಕವರ್ ಬಿಚ್ಚಿ, ಪಿಸ್ಟನ್ ಸುಮಾರು ನಡುದಾರಿಯಲ್ಲಿರುವಂತೆ ಕ್ರ್ಯಾಂಕನ್ನು ನಿಲ್ಲಿಸಿ. ಪ್ಲಗ್ ತೂತಿನಿಂದ ಉದ್ದನೆಯ, ಗಟ್ಟಿಯಾದ, ಸಿಬಿರೇಳದ ಮರದ ಕಡ್ಡಿಯೊಂದನ್ನು ಇಳಿಸಿ ಪಿಸ್ಟನ್ ತಲೆಯ ಮೇಲೆ ಊರಿ, ಮೇಲ್ತುದಿಯನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಆಡಿಸಿ. ಸ್ಪ್ಯಾನರ್ ಅಲುಗಿದ ಕ್ಷಣವೇ ಕಡ್ಡಿಯೂ ಅಲುಗಬೇಕು. ಸ್ಪ್ಯಾನರ್ ಸ್ವಲ್ಪ ದೂರ ಸುಮ್ಮನೆ ತಿರುಗಿ, ಆಮೇಲೆ ‘ಟಕ್’ ಎಂದು ಕಡ್ಡಿ ಎದ್ದರೆ, ರಾಡಿನಲ್ಲಿಯೋ ಪಿಸ್ಟನ್ ಪಿನ್ನಿನಲ್ಲಿಯೋ ಆಟ ಬಂದಿದೆ. ಮುಂದೆ ಎಂದಾದರೂ ಬ್ಲಾಕ್ ಎತ್ತಿದರೆ ರಾಡನ್ನೇ ಹಿಡಿದು ಮೇಲೆ ಕೆಳಗೆ ಎಳೆದು ನೋಡಬಹುದು: ಮೇಲೆ ಕೆಳಗಿನ ಆಟ ಕೈಗೆ ಸಿಗಲೇಬಾರದು, ಅಕ್ಕಪಕ್ಕಕ್ಕೆ ಸ್ವಲ್ಪ ಸರಿಯುವುದು ಸಹಜ. ಈ ಎರಡನ್ನು ಅದಲುಬದಲು ಮಾಡಿಕೊಂಡು ಒಳ್ಳೆಯ ಕ್ರ್ಯಾಂಕನ್ನು ಎಸೆದವರಿದ್ದಾರೆ.

ನನ್ನದೇ ಒಂದು ನೋವಿನ ಸಂಗತಿ ಹೇಳುತ್ತೇನೆ. ನನ್ನ ಹಳೆಯ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಆಳವಾದ ಬಡಿತ ಬರುತ್ತಿತ್ತು, ವೇಗ ಏರಿ ಒಂದೇ ಸಮನೆ ಓಡುವಾಗ ಮಾಯವಾಗುತ್ತಿತ್ತು. ಬಿಗ್ ಎಂಡ್ ಎಂದು ನಂಬಿ ಕೇಸ್ ಎರಡು ಹೋಳು ಮಾಡಿಸಿದೆ. ರಾಡಿನಲ್ಲಿ ಆಟವೇ ಇರಲಿಲ್ಲ. ಕೊನೆಗೆ ಕಂಡದ್ದು, ಮ್ಯಾಗ್ನೆಟ್ ಕೂರುವ ಕ್ರ್ಯಾಂಕಿನ ಕೋನ್ ಭಾಗದ ಸುತ್ತ ಕುಂಕುಮದಂತೆ ಮೆತ್ತಿಕೊಂಡಿದ್ದ ಕೆಂಪು ಪುಡಿ. ನಟ್ ಸಡಿಲವಾಗಿ, ಮ್ಯಾಗ್ನೆಟ್ ಕೂದಲೆಳೆಯಷ್ಟು ಅಲುಗಾಡುತ್ತಾ, ಉಕ್ಕಿಗೆ ಉಕ್ಕು ತಿಕ್ಕಿ ಉದುರಿದ ತುಕ್ಕಿನ ಪುಡಿ ಅದು. ಮ್ಯಾಗ್ನೆಟ್ಟನ್ನು ಕ್ರ್ಯಾಂಕಿನ ಮೇಲೆ ಜಾರದಂತೆ ಹಿಡಿಯುವ ಕೀ ಅರ್ಧ ಸವೆದಿತ್ತು. ಹತ್ತು ನಿಮಿಷದಲ್ಲಿ ಕವರ್ ತೆಗೆದು ನೋಡಬಹುದಾಗಿದ್ದುದಕ್ಕೆ ಎರಡು ತಿಂಗಳು ಗಾಡಿ ಬಿಚ್ಚಿದ ಸ್ಥಿತಿಯಲ್ಲಿ ಬಿದ್ದಿತ್ತು. ಕಡ್ಡಿಯ ಪರೀಕ್ಷೆಗೆ ನೀವು ಹೇಗೂ ಆ ಕವರ್ ಬಿಚ್ಚುತ್ತೀರಿ. ನಟ್ಟಿನ ಬಿಗಿಯನ್ನೂ ಅಂತಹ ಪುಡಿ ಇದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿ.

ಪ್ರಶ್ನೆ ಕೇಳಿದವರ ಬರಹ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ದಿನ ಸಮಯ ತೆಗೆದುಕೊಂಡು ಎಲ್ಲವನ್ನೂ ಒಂದೊಂದಾಗಿ ನೋಡಿದೆ.

ಆಯಿಲ್ ಮಟ್ಟ ಕೆಳಗಿನ ಗೆರೆಗಿಂತ ತುಸುವೇ ಮೇಲಿತ್ತು. ಇಳಿಸಿದ ಆಯಿಲ್ ಕಪ್ಪಾಗಿತ್ತು, ಪೆಟ್ರೋಲ್ ವಾಸನೆ ಇರಲಿಲ್ಲ, ಆಯಸ್ಕಾಂತಕ್ಕೆ ಬೂದು ಲೇಪ ಬಿಟ್ಟರೆ ಚೂರುಗಳೇನೂ ಅಂಟಲಿಲ್ಲ. ಕೈಪಿಡಿ ಹೇಳುವ ದರ್ಜೆಯ ಹೊಸ ಆಯಿಲ್ ಹಾಕಿದ್ದೇನೆ. ಮ್ಯಾಗ್ನೆಟ್ ನಟ್ ಬಿಗಿಯಾಗಿದೆ, ಕೆಂಪು ಪುಡಿ ಇಲ್ಲ. ಮರದ ಕಡ್ಡಿಯ ಪರೀಕ್ಷೆಯನ್ನು ಹತ್ತಾರು ಸಲ ಮಾಡಿದೆ. ಸ್ಪ್ಯಾನರ್ ಅಲುಗಿದೊಡನೆ ಬೆರಳಿಗೆ ಕಡ್ಡಿ ತಾಗುತ್ತದೆ. ಗೋಡೆಯ ಪಕ್ಕ ಓಡಿಸಿದಾಗಲೂ ಆಳದ ಬಡಿತ ಕೇಳಿಸಲಿಲ್ಲ.

ಗಡಗಡ ಸದ್ದು ಬರುತ್ತಿರುವಾಗ ಕ್ಲಚ್ ಒತ್ತಿದೆ. ಒತ್ತಿದೊಡನೆ ನಿಂತಿತು. ಬಿಟ್ಟೆ, ಮತ್ತೆ ಬಂತು. ಇಷ್ಟು ದಿನ ಇದನ್ನೊಮ್ಮೆ ಮಾಡಿ ನೋಡಲಿಲ್ಲವಲ್ಲ ಎಂದು ಅಲ್ಲಿಯೇ ನಿಂತುಬಿಟ್ಟೆ. ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತು ಏರಿಸಿದರೆ ಬಹುಪಾಲು ಕಡಿಮೆಯಾಗುತ್ತದೆ.

ಟಿಕ್ ಟಿಕ್ ಮಾತ್ರ ಹಾಗೆಯೇ ಇದೆ. ಸೈಲೆನ್ಸರಿನ ಬಡಿತಕ್ಕೆ ಒಂದು ಸಲ ಬರುತ್ತದೆ, ಸ್ಕ್ರೂಡ್ರೈವರಿಗೆ ಎಕ್ಸಾಸ್ಟ್ ಕಡೆಯ ಟ್ಯಾಪೆಟ್ ಕವರಿನಲ್ಲಿ ಅತ್ಯಂತ ಹರಿತವಾಗಿ ಕೇಳುತ್ತದೆ. ಆದರೆ ಎಂಜಿನ್ ರಾತ್ರಿಯಿಡೀ ತಣ್ಣಗಾದ ಮೇಲೆ ಅಳೆದು ನೋಡಿದರೆ ಇನ್‌ಲೆಟ್ 0.05 ಮಿ.ಮೀ., ಎಕ್ಸಾಸ್ಟ್ 0.10 ಮಿ.ಮೀ. ಇದೆ, ಕೈಪಿಡಿಯಲ್ಲಿರುವುದೂ ಅಷ್ಟೇ. ಅಳತೆ ಸರಿಯಿದ್ದೂ ಟ್ಯಾಪೆಟ್ ಸದ್ದು ಮಾಡಲು ಸಾಧ್ಯವೇ?

ಉತ್ತರ 3

ಸಾಧ್ಯವಿದೆ, ಮತ್ತು ಹಳೆಯ ಎಂಜಿನ್‌ಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ. ಟ್ಯಾಪೆಟ್ ಸ್ಕ್ರೂವಿನ ತುದಿ ಕೋಟ್ಯಂತರ ಸಲ ವಾಲ್ವ್ ಕಡ್ಡಿಯ ತಲೆಯನ್ನು ಕುಟ್ಟಿ ಕುಟ್ಟಿ, ಆ ತುದಿಯ ನಡುವೆ ಒಂದು ಪುಟ್ಟ ಗುಳಿ ಬೀಳುತ್ತದೆ. ಫೀಲರ್ ಗೇಜಿನ ತಗಡು ಚಪ್ಪಟೆ. ಅದು ಗುಳಿಯೊಳಕ್ಕೆ ಇಳಿಯುವುದಿಲ್ಲ, ಗುಳಿಯ ಅಂಚಿನಿಂದ ಅಂಚಿಗೆ ಸೇತುವೆಯಂತೆ ಮಲಗಿಬಿಡುತ್ತದೆ. ಗುಳಿಯ ಆಳ 0.10 ಮಿ.ಮೀ. ಇದ್ದರೆ, ತಗಡು 0.10 ಎಂದು ಹೇಳುವಾಗ ನಿಜವಾದ ಸಂದು 0.20 ಆಗಿರುತ್ತದೆ. ಮೆಕ್ಯಾನಿಕ್ ಪ್ರಾಮಾಣಿಕವಾಗಿಯೇ ಸೆಟ್ ಮಾಡಿರುತ್ತಾರೆ, ಸದ್ದು ಮಾತ್ರ ಹೋಗುವುದಿಲ್ಲ.

ಅದಕ್ಕೂ ಮುಂಚೆ, ಅಳೆಯುವಾಗ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿತ್ತೇ ಎಂದು ಖಚಿತಪಡಿಸಿಕೊಳ್ಳಿ. ಮ್ಯಾಗ್ನೆಟ್ಟಿನ ಮೇಲಿನ ಟಿ ಗುರುತು ಕೇಸಿನ ಗುರುತಿನ ಎದುರಿಗೆ ಒಂದು ಚಕ್ರದಲ್ಲಿ ಎರಡು ಸಲ ಬರುತ್ತದೆ. ಒಮ್ಮೆ ಎರಡೂ ವಾಲ್ವ್ ಮುಚ್ಚಿರುತ್ತವೆ, ಇನ್ನೊಮ್ಮೆ ಎರಡೂ ತುಸು ತೆರೆದಿರುತ್ತವೆ. ಎರಡೂ ರಾಕರ್‌ಗಳು ಬೆರಳಿಗೆ ಹಗುರವಾಗಿ ಅಲುಗುವ ಸ್ಥಾನವೇ ಸರಿಯಾದದ್ದು.

ಗುಳಿ ಇದೆಯೇ ಎಂದು ತಿಳಿಯಲು ಎಕ್ಸಾಸ್ಟ್ ಕಡೆಯ ಸ್ಕ್ರೂವನ್ನು ಪೂರ್ತಿ ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ತುದಿಯನ್ನು ನೋಡಿ. ಒಳ್ಳೆಯ ತುದಿ ಒಂದೇ ಸಮನಾಗಿ ಹೊಳೆಯುತ್ತದೆ. ಗುಳಿ ಬಿದ್ದದ್ದರ ನಡುವೆ ಬೇರೊಂದು ಪುಟ್ಟ ವೃತ್ತ ಕಾಣಿಸುತ್ತದೆ, ಉಗುರು ಎಳೆದರೆ ಅದರ ಅಂಚು ತಗಲುತ್ತದೆ. ಹಾಗಿದ್ದರೆ ಹೊಸ ಸ್ಕ್ರೂ ಹಾಕಿ. ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡಬೇಡಿ, ಅಲ್ಲಿರುವ ಗಟ್ಟಿ ಪದರ ಬಲು ತೆಳು. ವಾಲ್ವ್ ಕಡ್ಡಿಯ ತಲೆಯನ್ನೂ ನೋಡಿ, ರಾಕರ್ ಕ್ಯಾಮ್ ಮೇಲೆ ಜಾರುವ ಕಡೆ ಚರ್ಮ ಸುಲಿದಂತೆ ಕಚ್ಚುಗಳು ಬಿದ್ದಿವೆಯೇ ಎಂಬುದನ್ನೂ ಟಾರ್ಚ್ ಹಾಕಿ ನೋಡಿ. ಅಲ್ಲಿ ಕಚ್ಚು ಬಿದ್ದಿದ್ದರೆ ಸ್ಕ್ರೂ ಒಂದರಿಂದ ಕೆಲಸವಾಗದು.

ಹೊಸ ಸ್ಕ್ರೂ ಸಿಗುವವರೆಗೆ ಲೆಕ್ಕದಿಂದಲೂ ಸಂದನ್ನು ಪರೀಕ್ಷಿಸಬಹುದು. ಸ್ಕ್ರೂವಿನ ಎಳೆಯಿಂದ ಎಳೆಗೆ 0.5 ಮಿ.ಮೀ. ಅಂತರವಿದ್ದರೆ ಪೂರ್ತಿ ಒಂದು ಸುತ್ತಿಗೆ ಅದು 0.5 ಮಿ.ಮೀ. ಸರಿಯುತ್ತದೆ. 0.10 ಮಿ.ಮೀ.ಗೆ ಸುತ್ತಿನ ಐದನೆಯ ಒಂದು ಪಾಲು, ಅಂದರೆ 72 ಡಿಗ್ರಿ. ಎಳೆಯ ಅಂತರ 0.75 ಇದ್ದರೆ 48 ಡಿಗ್ರಿ. ಈಗಿರುವ ಸ್ಥಿತಿಯಿಂದ ಸ್ಕ್ರೂ ವಾಲ್ವಿಗೆ ಹಗುರವಾಗಿ ತಾಗುವವರೆಗೆ ಎಷ್ಟು ತಿರುಗುತ್ತದೆ ಎಂದು ನೋಡಿದರೆ ಗುಳಿಯ ಆಳವೂ ಸೇರಿದ ನಿಜವಾದ ಸಂದು ತಿಳಿಯುತ್ತದೆ. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ತುಸು ಜೊತೆಗೆ ತಿರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು.

ಟ್ಯಾಪೆಟ್ಟಿನಂತೆಯೇ ಕೇಳುವ ಇನ್ನೊಂದು ಸದ್ದನ್ನು ಬಿಡಬಾರದು. ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪ್ ಹೆಡ್ಡಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರಿದರೆ ಪ್ರತಿ ಬಡಿತಕ್ಕೂ ‘ಟಿಕ್’ ಎನ್ನುತ್ತದೆ. ಲಯವೂ ಅದೇ, ಜಾಗವೂ ಹೆಚ್ಚುಕಡಿಮೆ ಅದೇ. ಸೋರುವಲ್ಲಿ ಮಸಿಯ ಗೆರೆ ಮೂಡಿರುತ್ತದೆ. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಹತ್ತಿರ ಹಿಡಿದು, ಇನ್ನೊಂದನ್ನು ಲೋಹಕ್ಕೆ ತಾಗಿಸದೆ ಆ ಸಂದಿನ ಸುತ್ತ ಆಡಿಸಿದರೆ ಸೋರುವ ಕಡೆ ಪಿಚಕಾರಿಯಂತೆ ಕೇಳುತ್ತದೆ. ಸ್ಕ್ರೂಡ್ರೈವರ್ ಲೋಹದ ಕಂಪನವನ್ನು ಹೇಳುತ್ತದೆ, ಪೈಪು ಗಾಳಿಯ ಸದ್ದನ್ನು ಹೇಳುತ್ತದೆ. ಎರಡನ್ನೂ ಬಳಸಿದರೆ ಅನುಮಾನ ಉಳಿಯುವುದಿಲ್ಲ. ನಿಮ್ಮದು ಕವರಿನ ಮೇಲೆ ಹರಿತವಾಗಿ ಕೇಳುತ್ತಿರುವುದರಿಂದ ನನ್ನ ಊಹೆ ಸ್ಕ್ರೂವಿನ ಕಡೆಗೇ ಇದೆ.

ಗಡಗಡದ ಬಗ್ಗೆ: ಒಂಟಿ ಸಿಲಿಂಡರಿನ ಎಂಜಿನ್ ಐಡ್ಲಿಂಗ್‌ನಲ್ಲಿ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಪ್ರತಿ ಉರಿಗೆ ಮುಂದಕ್ಕೆ ಜಿಗಿದು ಮತ್ತೆ ನಿಧಾನವಾಗುತ್ತದೆ. ಆ ಎಳೆದಾಟವನ್ನು ನುಂಗಿಕೊಳ್ಳಲು ಕ್ಲಚ್ ಹೌಸಿಂಗಿನ ಹಿಂದಿನ ಗೇರಿಗೆ ಸ್ಪ್ರಿಂಗ್ ಅಥವಾ ರಬ್ಬರ್ ಇಟ್ಟಿರುತ್ತಾರೆ. ಅವು ಸಡಿಲವಾದಾಗ ಹೌಸಿಂಗ್ ತನ್ನ ಜಾಗದಲ್ಲಿಯೇ ಅಲುಗಾಡಿ ಸದ್ದು ಮಾಡುತ್ತದೆ. ಕ್ಲಚ್ ಕವರ್ ಇದ್ದ ಕಡೆಯೇ ಸದ್ದು ಬರುವುದು, ಬಿಸಿಯಾದ ಮೇಲೆ ಬರುವುದು, ಐಡ್ಲಿಂಗ್ ಏರಿಸಿದರೆ ಇಳಿಯುವುದು, ಎಲ್ಲವೂ ಇದಕ್ಕೆ ಹೊಂದುತ್ತವೆ. ಐಡ್ಲಿಂಗನ್ನು ಕೈಪಿಡಿಯ ಅಂಕಿಗೆ ತಂದು ಓಡಿಸಿ. ಮುಂದೆ ಕ್ಲಚ್ ಪ್ಲೇಟ್ ಬದಲಿಸುವಾಗ ಹೌಸಿಂಗನ್ನು ಕೈಯಲ್ಲಿ ಹಿಡಿದು ಗೇರನ್ನು ತಿರುಗಿಸಿ ನೋಡಿ, ಸಡಿಲವಿದ್ದರೆ ಆಗ ಬದಲಿಸಬಹುದು.

ಪ್ರಶ್ನೆ ಕೇಳಿದವರ ಬರಹ

ಇಂದು ಬೆಳಿಗ್ಗೆ ಎಕ್ಸಾಸ್ಟ್ ಕಡೆಯ ಸ್ಕ್ರೂ ಹೊರತೆಗೆದೆ. ತುದಿಯ ನಡುವೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ, ಕನ್ನಡಿಯಂತೆ ಹೊಳೆಯುವ ಗುಳಿ ಇದೆ, ಉಗುರಿಗೆ ಅಂಚು ಸ್ಪಷ್ಟವಾಗಿ ತಗಲುತ್ತದೆ. ತೆಗೆಯುವ ಮುನ್ನ ಲೆಕ್ಕವನ್ನೂ ಮಾಡಿದ್ದೆ: ಎಳೆಯ ಅಂತರ 0.5 ಮಿ.ಮೀ., ಸ್ಕ್ರೂ ತಾಗುವವರೆಗೆ ಸುತ್ತಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ತಿರುಗಿತು. ಅಂದರೆ 0.10 ಎಂದುಕೊಂಡಿದ್ದ ಸಂದು ಸುಮಾರು 0.17 ಮಿ.ಮೀ. ಇತ್ತು. ಇನ್‌ಲೆಟ್ ಸ್ಕ್ರೂವಿನಲ್ಲಿ ಗುರುತು ಇದೆ, ಆದರೆ ಗುಳಿಯಿಲ್ಲ. ರಾಕರ್‌ನ ಜಾರುವ ಭಾಗ ಎರಡರಲ್ಲಿಯೂ ನುಣುಪಾಗಿದೆ. ಬೆಂಡ್ ಪೈಪಿನ ಸಂದಿನಲ್ಲಿ ಮಸಿ ಇಲ್ಲ.

ಎರಡೂ ಸ್ಕ್ರೂಗಳನ್ನು ಲಾಕ್‌ನಟ್ ಸಹಿತ ಹೊಸದು ಹಾಕಿ, ಬಿಗಿದ ಮೇಲೆ ಮತ್ತೊಮ್ಮೆ ಅಳೆದು, ಸಂಜೆ ಚಾಲೂ ಮಾಡಿದೆ. ಟಿಕ್ ಟಿಕ್ ಪೂರ್ತಿ ಹೋಗಿಲ್ಲ. ಕವರಿಗೆ ಸ್ಕ್ರೂಡ್ರೈವರ್ ಇಟ್ಟರೆ ಎರಡೂ ಕಡೆ ಒಂದೇ ಸಮನಾದ ಸಣ್ಣ ಸದ್ದು ಇದೆ. ನಿಂತು ಕೇಳಿದರೆ ಮಾತ್ರ ಈಗ ಸೈಲೆನ್ಸರಿನ ಬಡಿತವೇ ಮುಂದಾಗಿ ಕೇಳುತ್ತದೆ. ತಂದೆಯವರನ್ನು ಕರೆದು ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತಿದ್ದು, ತಾವೇ ಒಮ್ಮೆ ರೇಸ್ ಕೊಟ್ಟು ಬಿಟ್ಟು ನೋಡಿ, ಕೊಂಡಾಗಲೂ ಇಷ್ಟು ಸದ್ದು ಇತ್ತು ಎಂದರು.

ಐಡ್ಲಿಂಗನ್ನು ಕೈಪಿಡಿಯಂತೆ 1,400ಕ್ಕೆ ಇಟ್ಟಿದ್ದೇನೆ. ಕ್ಲಚ್ ಸದ್ದು ಬಿಸಿಯಾದಾಗ ಮಂದವಾಗಿ ಕೇಳುತ್ತದೆ, ಪ್ಲೇಟ್ ಬದಲಿಸುವ ದಿನ ಹೌಸಿಂಗ್ ನೋಡಿ ಇಲ್ಲಿಯೇ ಬರೆಯುತ್ತೇನೆ.